ವಸಂತದ ಹಿಮದಲ್ಲಿ ಮೊದಲ ಚಾರಣ: ಗಡಿಯಾರ ನೋಡಿಕೊಂಡು ನಡೆಯಿರಿ

ವಸಂತದ ಆರಂಭದಲ್ಲಿ ಬೆಳಗಿನ ಜಾವ 5 ಗಂಟೆಗೆ ಹಿಮದ ಇಳಿಜಾರಿನ ಮೇಲೆ ಕಾಲಿಟ್ಟು ನೋಡಿ, ಸಿಮೆಂಟು ನೆಲದ ಹಾಗಿರುತ್ತದೆ. ಬೂಟಿನ ಹಿಮ್ಮಡಿಯಿಂದ ಕುಟ್ಟಿದರೆ ಬಿಳಿ ಗೀರು ಬಿದ್ದೀತೇ ಹೊರತು ಕುಳಿ ಬೀಳುವುದಿಲ್ಲ. 9ಕ್ಕೆ ಅದೇ ಜಾಗ ಹದವಾಗಿ ಮೆತ್ತಗಾಗಿ ಕಾಲನ್ನು ಚೆನ್ನಾಗಿ ಹಿಡಿಯುತ್ತದೆ. 12ಕ್ಕೆ ಪಾದ ಮುಳುಗುತ್ತದೆ, 2ಕ್ಕೆ ತೊಡೆ.

ನನ್ನ ಮೊದಲ ಸಲ ಇದು ಗೊತ್ತಿರಲಿಲ್ಲ. ನಿಧಾನಕ್ಕೆ ತಿಂಡಿ ಮಾಡಿ, ಟೆಂಟ್ ಒಣಗಲೆಂದು ಕಾದು, 10 ಗಂಟೆಗೆ ಹೊರಟಿದ್ದೆವು. ಕೊನೆಯ ಒಂದು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿಯಿತು. ಒಂದು ಕಾಲು ಹೂತುಕೊಂಡರೆ ಬೆನ್ನ ಮೇಲಿನ 16 ಕಿಲೋ ಮುಂದಕ್ಕೆ ತಳ್ಳುತ್ತದೆ. ಆ ಕಾಲನ್ನು ಎಳೆದುಕೊಳ್ಳುವಾಗ ಇನ್ನೊಂದು ಹೂತುಹೋಗುತ್ತದೆ. ತಂಗುವ ಜಾಗ ಸೇರುವಷ್ಟರಲ್ಲಿ ಕತ್ತಲಾಗಿತ್ತು, ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು.

ಹಾಗಾಗಿ ಇಲ್ಲಿ ಸಾಮಾನಿನ ಪಟ್ಟಿಗಿಂತ ಹೊತ್ತಿನ ಮಾತೇ ಹೆಚ್ಚು. ಹಗಲ ಬಿಸಿಲಿಗೆ ಹಿಮದ ಮೇಲ್ಪದರ ಕರಗಿ, ನೀರು ಕೆಳಗಿನ ಹಿಮದ ಕಾಳುಗಳ ನಡುವೆ ಇಳಿಯುತ್ತದೆ. ರಾತ್ರಿ ಆಕಾಶ ತಿಳಿಯಾಗಿದ್ದರೆ ಹಿಮ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟು ಮತ್ತೆ ಗಟ್ಟಿಯಾಗುತ್ತದೆ. ಗಾಳಿಯ ಉಷ್ಣಾಂಶ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಹೀಗಾಗಬಹುದು. ಮೋಡ ಕವಿದ ರಾತ್ರಿಯಲ್ಲಿ ಮಾತ್ರ ಆ ಶಾಖ ಹೊರಗೆ ಹೋಗುವುದಿಲ್ಲ. ಹಿಮ ಹೆಪ್ಪುಗಟ್ಟದೆ ಬೆಳಗ್ಗೆಯೇ ಕೊಚ್ಚೆಯಾಗಿರುತ್ತದೆ. ಹವಾಮಾನ ವರದಿಯಲ್ಲಿ ಹೊಸಬರು ಹಗಲಿನ ಬಿಸಿಲನ್ನು ನೋಡುತ್ತಾರೆ. ನೀವು ರಾತ್ರಿಯ ಮೋಡವನ್ನು ನೋಡಿ.

ದಾರಿ ಆರಿಸುವುದು

ಮೊದಲ ಸಲಕ್ಕೆ ಒಂದು ರಾತ್ರಿ, ಹೆಚ್ಚೆಂದರೆ ಎರಡು. ಹಿಮವಿಲ್ಲದ ಕಾಲದಲ್ಲಿ ನೀವು ಒಮ್ಮೆಯಾದರೂ ನಡೆದಿರುವ ದಾರಿಯೇ ಇರಲಿ. ಹಿಮ ಬಿದ್ದ ಮೇಲೆ ಕಾಲುದಾರಿ, ಕೈಕಂಬ, ಬಂಡೆಗೆ ಬಳಿದ ಗುರುತು ಎಲ್ಲವೂ ಮುಚ್ಚಿಹೋಗುತ್ತವೆ. ನೆನಪಿನಲ್ಲಿರುವ ಬೆಟ್ಟದ ಆಕಾರವೇ ಆಗ ದಾರಿ ತೋರಿಸುತ್ತದೆ. ಹೋದ ದಾರಿಯಲ್ಲೇ ವಾಪಸ್ ಬರುವಂತಿರಲಿ. ಸುತ್ತು ಹಾಕಿ ಬರುವ ದಾರಿಯಲ್ಲಿ ಮುಕ್ಕಾಲು ಭಾಗ ಮುಗಿದ ಮೇಲೆ ಮುಂದೆ ಹೋಗಲಾಗದು ಎಂದು ಗೊತ್ತಾದರೆ ನಿಮ್ಮ ಗತಿ ಏನು?

ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಬೇಡಿ, ಗಂಟೆಯಲ್ಲಿ ಹಾಕಿ. 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 8 ಕಿಲೋಮೀಟರ್ ದೂರ, 600 ಮೀಟರ್ ಏರಿಕೆ ಇದ್ದರೆ 2 ಗಂಟೆ 36 ನಿಮಿಷ. ಆದರೆ ಅದು ಒಣನೆಲದ ಲೆಕ್ಕ. ಹೊರೆ ಹೊತ್ತು ಹಿಮದಲ್ಲಿ ನಡೆಯುವವರು ಅದನ್ನು ಕಣ್ಣುಮುಚ್ಚಿ ಎರಡರಿಂದ ಗುಣಿಸಿ. ಸುಮಾರು ಐದೂ ಕಾಲು ಗಂಟೆ. ಮಧ್ಯಾಹ್ನ 12ಕ್ಕೆ ಟೆಂಟ್ ಹಾಕಬೇಕೆಂದಿದ್ದರೆ ಹೊರಡುವ ಹೊತ್ತು ಅಲ್ಲೇ ನಿಗದಿಯಾಯಿತು: ನಡುನಡುವೆ ನಿಲ್ಲುವುದನ್ನೂ ಸೇರಿಸಿ ಬೆಳಗ್ಗೆ 6ಕ್ಕೆ ಮುಂಚೆ.

ವಾಪಸ್ ತಿರುಗುವ ಗಂಟೆಯನ್ನೂ ಮನೆಯಲ್ಲೇ ಬರೆದಿಟ್ಟುಕೊಳ್ಳಿ. "11 ಆದರೆ ಎಲ್ಲಿದ್ದರೂ ತಿರುಗುತ್ತೇವೆ" ಎನ್ನುವುದನ್ನು ಬೆಟ್ಟದ ಮೇಲೆ ಚರ್ಚೆಗೆ ಇಡಬಾರದು. ಅಲ್ಲಿ ಎಲ್ಲರಿಗೂ ತುದಿ ಹತ್ತಿರವೇ ಕಾಣುತ್ತದೆ. ಹೋಗುವ ದಾರಿ, ತಂಗುವ ಜಾಗ, ಬರುವ ಹೊತ್ತು, ಎಷ್ಟು ಗಂಟೆಯವರೆಗೆ ಸುದ್ದಿ ಬಾರದಿದ್ದರೆ ರಕ್ಷಣಾ ದಳಕ್ಕೆ ಫೋನ್ ಮಾಡಬೇಕು ಎಂಬ ನಾಲ್ಕು ಸಾಲನ್ನು ಮನೆಯಲ್ಲಿ ಉಳಿಯುವ ಒಬ್ಬರ ಕೈಗೆ ಕೊಟ್ಟು ಹೊರಡಿ.

ಎತ್ತರದ ಬಗ್ಗೆ ಎರಡು ಲೆಕ್ಕ ಸಾಕು. ಪ್ರತಿ 1000 ಮೀಟರ್ ಏರಿದಂತೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ; ಕಣಿವೆಯ ಊರಿನ ವರದಿ ನೋಡಿ ಬಟ್ಟೆ ಕಟ್ಟಿಕೊಳ್ಳಬೇಡಿ. ಇನ್ನು 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಅಲ್ಲಿ ತಲೆನೋವಿನ ಜೊತೆಗೆ ವಾಕರಿಕೆ ಶುರುವಾದರೆ ಮೇಲೆ ಹತ್ತುವುದನ್ನು ಬಿಡಿ, ಕಡಿಮೆಯಾಗದಿದ್ದರೆ ಇಳಿಯಿರಿ. ಮೊದಲ ಸಲಕ್ಕೆ ಅಷ್ಟು ಎತ್ತರವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಹಿಮಕುಸಿತ

ಕನ್ನಡದಲ್ಲಿ ಒಂದು ತೊಡಕಿದೆ. ಹಿಮ ಬೀಳುವುದಕ್ಕೂ ಹಿಮ ಕುಸಿದು ಬರುವುದಕ್ಕೂ ನಾವು "ಹಿಮಪಾತ" ಎಂದೇ ಬರೆದುಬಿಡುತ್ತೇವೆ. ಮೊದಲನೆಯದರಲ್ಲಿ ನೆನೆಯುತ್ತೀರಿ, ಎರಡನೆಯದರಲ್ಲಿ ಸಾಯುತ್ತೀರಿ. ನಾನು ಹೇಳುತ್ತಿರುವುದು ಎರಡನೆಯದನ್ನು.

ಹಿಮಕುಸಿತಗಳು ಹೆಚ್ಚಾಗಿ ಹುಟ್ಟುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಈಗಿನ ಹಲವು ನಕ್ಷೆ ಆ್ಯಪ್‌ಗಳಲ್ಲಿ ಇಳಿಜಾರಿನ ಕೋನವನ್ನು ಬಣ್ಣದಲ್ಲಿ ತೋರಿಸುವ ಪದರವಿದೆ. ಅದನ್ನು ಹಾಕಿ ನಿಮ್ಮ ದಾರಿಯನ್ನು ಬೆರಳಿನಿಂದ ಹಿಂಬಾಲಿಸಿ. ನೀವು ಕಾಲಿಡುವ ಜಾಗ ಸಪಾಟಾಗಿದ್ದರೆ ಸಾಲದು, ಮೇಲ್ಗಡೆ ಏನಿದೆ ಎಂದೂ ನೋಡಬೇಕು. ಸಮತಟ್ಟಾದ ಕಣಿವೆಯ ನೆಲ, ಅದರ ಮೇಲೆ 35 ಡಿಗ್ರಿಯ ಬೋಳು ಇಳಿಜಾರು ಇದ್ದರೆ ಆ ನೆಲ ಟೆಂಟ್ ಹಾಕುವ ಜಾಗವಲ್ಲ. ದಟ್ಟ ಕಾಡಿನ ನಡುವೆ ಮರವಿಲ್ಲದ ನೇರ ಪಟ್ಟೆ, ಅದರ ಅಂಚಿನ ಮರಗಳಲ್ಲಿ ಬೆಟ್ಟದ ಮೇಲ್ಬದಿಗೆ ಮುಖ ಮಾಡಿದ ಕೊಂಬೆಗಳು ಮುರಿದಿರುವುದು ಕಂಡರೆ ಹಿಂದೆ ಅಲ್ಲಿ ಹಿಮ ಕುಸಿದು ಬಂದಿದೆ ಎಂದರ್ಥ.

ಹಿಮ ಬೀಳುವ ಅನೇಕ ಪರ್ವತ ಪ್ರದೇಶಗಳಲ್ಲಿ ಅಪಾಯವನ್ನು 1ರಿಂದ 5ರವರೆಗೆ ಅಳೆದು ದಿನವೂ ಪ್ರಕಟಿಸುತ್ತಾರೆ. 3 ಎಂದರೆ ನಡುವಿನ ಸಂಖ್ಯೆ, ಪರವಾಗಿಲ್ಲ ಎಂದುಕೊಳ್ಳಬೇಡಿ. ಮನುಷ್ಯನ ಭಾರಕ್ಕೇ ಹಿಮ ಜಾರಬಹುದು ಎಂದು ಅದರ ಅರ್ಥ. ವಸಂತದಲ್ಲಿ ಈ ಸಂಖ್ಯೆ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಇರುವುದು ಸಾಮಾನ್ಯ.

ಕಣ್ಣಿಗೆ ಕಾಣುವ ಸೂಚನೆಗಳೂ ಇವೆ. ಇಳಿಜಾರಿನಲ್ಲಿ ಪುಟ್ಟ ಹಿಮದುಂಡೆಗಳು ತಾವಾಗಿ ಉರುಳಿ ಗೆರೆ ಬಿಡತೊಡಗಿದರೆ, ಮುಷ್ಟಿಯಲ್ಲಿ ಹಿಂಡಿದ ಹಿಮದಿಂದ ನೀರು ಒಸರಿದರೆ, ಬೂಟು ಗಟ್ಟಿ ಪದರ ಒಡೆದು ಕಣಕಾಲಿನವರೆಗೆ ಇಳಿದರೆ, ಕಡಿದಾದ ಜಾಗದಿಂದ ಹೊರಬರುವ ಹೊತ್ತಾಯಿತು. ಕಾಲ ಕೆಳಗೆ "ವುಂಫ್" ಎಂದು ಹಿಮ ಕುಸಿದ ಸದ್ದಾದರೆ ಹಿಂದಿನ ಹೆಜ್ಜೆಯ ಮೇಲೇ ವಾಪಸ್ ಬನ್ನಿ. ಹಿಮದ ಮೇಲೆ ಮಳೆ ಬಿದ್ದ ದಿನವಂತೂ ಕಡಿದಾದ ಇಳಿಜಾರಿನ ಸಹವಾಸವೇ ಬೇಡ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಎಲ್ಲಕ್ಕಿಂತ ಮೊದಲು ಮೆತ್ತಗಾಗುತ್ತದೆ, ಪಶ್ಚಿಮದ್ದು ಮಧ್ಯಾಹ್ನದ ಮೇಲೆ.

ಹೂತವರನ್ನು ಹುಡುಕಲು ರೇಡಿಯೊ ಸಂಕೇತ ಕಳಿಸುವ ಮತ್ತು ಹಿಡಿಯುವ ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಉದ್ದನೆಯ ಪ್ರೋಬ್ ಕೋಲು, ಸಲಿಕೆ ಈ ಮೂರೂ ಪ್ರತಿಯೊಬ್ಬರ ಬಳಿ ಇರಬೇಕು, ಬಳಸಿ ಅಭ್ಯಾಸವಿರಬೇಕು. ಬೀಕನ್‌ಗಳೆಲ್ಲ 457 ಕಿಲೋಹರ್ಟ್ಸ್‌ನಲ್ಲೇ ಕೆಲಸ ಮಾಡುವುದರಿಂದ ಕಂಪನಿ ಬೇರೆಯಾದರೂ ಒಂದನ್ನೊಂದು ಹುಡುಕುತ್ತವೆ. ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷದ ನಂತರ ಕಡಿದುಬಿದ್ದಂತೆ ಇಳಿಯುತ್ತದೆ. ಅಷ್ಟರಲ್ಲಿ ಹೆಲಿಕಾಪ್ಟರ್ ಬರುವುದಿಲ್ಲ, ಪಕ್ಕದಲ್ಲಿರುವವರೇ ಅಗೆಯಬೇಕು. ತರಬೇತಿ ಆಗಿಲ್ಲದಿದ್ದರೆ ಈ ಮೂರೂ ಬೇಕಾಗುವಂಥ ಜಾಗಕ್ಕೇ ಹೋಗಬೇಡಿ. 25 ಡಿಗ್ರಿಗಿಂತ ಕಡಿಮೆ ಇಳಿಜಾರಿನ, ಮೇಲ್ಗಡೆಯೂ ಕಡಿದಾಗಿಲ್ಲದ ಕಾಡಿನ ದಾರಿ ಎಷ್ಟೋ ಇವೆ. ಹಿಮ ಅಲ್ಲೂ ಅಷ್ಟೇ ಬೆಳ್ಳಗಿರುತ್ತದೆ.

ಮೈಮೇಲೆ, ಕಾಲಲ್ಲಿ

ಈ ಕಾಲದಲ್ಲಿ ನಡುಗಿಸುವುದು ಚಳಿಗಿಂತ ಹೆಚ್ಚಾಗಿ ಒದ್ದೆ. ಸೊನ್ನೆಯ ಆಸುಪಾಸಿನ ಒದ್ದೆ ಹಿಮ, ಮೈನಸ್ 10ರ ಒಣ ಹಿಮಕ್ಕಿಂತ ಕಷ್ಟ ಕೊಡುತ್ತದೆ. ಅದು ಬಟ್ಟೆಗೆ ಅಂಟಿ, ಮೈಬಿಸಿಗೆ ಕರಗಿ, ಒಳಗೆ ಇಳಿಯುತ್ತದೆ. ಹೊರಗಿನಷ್ಟೇ ನೀರು ಬೆವರಾಗಿ ಒಳಗಿನಿಂದಲೂ ಬರುತ್ತದೆ. ಹೊರಡುವಾಗ ಸ್ವಲ್ಪ ಚಳಿ ಅನಿಸುವಷ್ಟೇ ಬಟ್ಟೆ ಹಾಕಿಕೊಳ್ಳಿ, ಹತ್ತು ನಿಮಿಷ ಏರುವಷ್ಟರಲ್ಲಿ ಮೈ ಕಾಯುತ್ತದೆ. ನಿಂತ ತಕ್ಷಣ, ಚಳಿ ಹತ್ತುವ ಮುಂಚೆ, ದಪ್ಪ ಜಾಕೆಟ್ ಏರಿಸಿ. ಮೈಗೆ ತಾಗುವ ಪದರ ಉಣ್ಣೆ ಅಥವಾ ಸಿಂಥೆಟಿಕ್ ಇರಲಿ. ಹತ್ತಿ ಬಟ್ಟೆ ಬೆವರು ಹೀರಿಕೊಂಡು ಒಣಗುವುದೇ ಇಲ್ಲ. ಒಳ ಉಡುಪೂ ಹತ್ತಿಯದ್ದಾಗುವುದು ಬೇಡ.

ಒಂದು ಜೊತೆ ಉಣ್ಣೆ ಕಾಲುಚೀಲ, ಒಂದು ಜೊತೆ ಒಳಬಟ್ಟೆ ಮಲಗುವುದಕ್ಕೆಂದೇ ಮೀಸಲು. ಜಲನಿರೋಧಕ ಚೀಲದಲ್ಲಿಟ್ಟು ಸ್ಲೀಪಿಂಗ್ ಬ್ಯಾಗಿನ ಜೊತೆಗೇ ಕಟ್ಟಿ. ಹಗಲು ಏನೇ ನೆನೆದರೂ ಅದನ್ನು ತೆಗೆಯಕೂಡದು. ಬೆಳಗ್ಗೆ ಎದ್ದು ಮತ್ತೆ ಆ ಒದ್ದೆ ಕಾಲುಚೀಲವನ್ನೇ ಏರಿಸಿಕೊಳ್ಳುವಾಗ ಜೀವ ಹಿಂಡಿದಂತಾಗುತ್ತದೆ, ನಿಜ. ಐದು ನಿಮಿಷ ಸಹಿಸಿಕೊಳ್ಳಿ. ಕೈಗವಸು ಕನಿಷ್ಠ ಎರಡು ಜೊತೆ, ಕಾಲಿಗೆ ಹಿಮ ಒಳನುಗ್ಗದಂತೆ ಗೇಟರ್.

ಬೂಟಿನ ಅಡಿಗೆ ಏನು ಕಟ್ಟಬೇಕು ಎನ್ನುವುದನ್ನೂ ಹೊತ್ತೇ ತೀರ್ಮಾನಿಸುತ್ತದೆ. ಬೆಳಗಿನ ಗಟ್ಟಿ ಹಿಮಕ್ಕೆ, ಸೌಮ್ಯ ಇಳಿಜಾರಿಗೆ ಬೂಟಿನ ಮೇಲೆ ಎಳೆದು ಹಾಕುವ ಸಣ್ಣ ಮುಳ್ಳುಗಳ ಮೈಕ್ರೋಸ್ಪೈಕ್ ಸಾಕು. ಮಧ್ಯಾಹ್ನದ ಮೆತ್ತನೆ ಹಿಮಕ್ಕೆ, ಕಾಲು ಹೂತುಹೋಗದಂತೆ ಭಾರ ಹರಡುವ ಅಗಲವಾದ ಸ್ನೋಶೂ. ಕ್ರ್ಯಾಂಪಾನ್ (ಬೂಟಿಗೆ ಕಟ್ಟುವ ಉದ್ದ ಉಕ್ಕಿನ ಹಲ್ಲುಗಳು) ಮತ್ತು ಐಸ್ ಆ್ಯಕ್ಸ್ (ಹಿಮಕ್ಕೆ ಊರುವ ಕೊಡಲಿ) ಬೇಕಾಗುವಷ್ಟು ಕಡಿದಾದ ಜಾಗವಿದ್ದರೆ, ಬಿದ್ದು ಜಾರುವಾಗ ಆ್ಯಕ್ಸ್ ಊರಿ ನಿಲ್ಲುವುದನ್ನು ಕೆಳಗೆ ಬಂಡೆಯಿಲ್ಲದ ಸುರಕ್ಷಿತ ಇಳಿಜಾರಿನಲ್ಲಿ ಹತ್ತಾರು ಸಲ ಮಾಡಿ ಕಲಿತಿರಬೇಕು. ಕಲಿಯದವರ ಕೈಯಲ್ಲಿ ಅದು ಬರೀ ಚೂಪಾದ ಭಾರ.

ಕಣ್ಣಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಹೊಸ ಹಿಮ ಅತಿನೇರಳೆ ಕಿರಣದ ಶೇ 80ರಷ್ಟನ್ನು ವಾಪಸ್ ಎಸೆಯುತ್ತದೆ. ಹಿಮಗುರುಡು ಆಗುತ್ತಿರುವಾಗ ಗೊತ್ತಾಗುವುದಿಲ್ಲ. ಗಂಟೆಗಟ್ಟಲೆ ಆದ ಮೇಲೆ, ರಾತ್ರಿ ಟೆಂಟಿನಲ್ಲಿ, ಕಣ್ಣಿಗೆ ಮರಳು ಎರಚಿದಂತೆ ಉರಿ ಶುರುವಾಗುತ್ತದೆ. ಬದಿಗಳೂ ಮುಚ್ಚಿರುವ ಕಪ್ಪು ಕನ್ನಡಕ ಹಾಕಿ, ಮೋಡವಿದ್ದರೂ ತೆಗೆಯಬೇಡಿ. ಸನ್‌ಸ್ಕ್ರೀನನ್ನು ಮೂಗಿನ ಹೊಳ್ಳೆಯ ಒಳಂಚಿಗೆ, ಗದ್ದದ ಅಡಿಗೆ, ಕಿವಿಯ ಹಿಂದೆ ಹಚ್ಚಿ. ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ ಎನ್ನುವುದು ಮೂಗಿನ ಒಳಗೆ ಸಿಪ್ಪೆ ಏಳುವವರೆಗೆ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ರಾತ್ರಿಯ ಏರ್ಪಾಡು

ಹೊಸಬರು ದುಬಾರಿ ಸ್ಲೀಪಿಂಗ್ ಬ್ಯಾಗ್ ಕೊಂಡು, ಅಡಿಗೆ ತೆಳ್ಳನೆ ಮ್ಯಾಟ್ ಹಾಸಿ, ರಾತ್ರಿಯಿಡೀ ನಡುಗುತ್ತಾರೆ. ಮೈಭಾರಕ್ಕೆ ಬ್ಯಾಗಿನ ಅಡಿಭಾಗ ಅದುಮಿಹೋಗಿ ಅದರ ಬಿಸುಪು ಸತ್ತುಹೋಗುತ್ತದೆ. ನೆಲದ ಚಳಿಯನ್ನು ತಡೆಯುವುದು ಮ್ಯಾಟ್ ಮಾತ್ರ. ಮ್ಯಾಟಿನ ಮೇಲೆ ಆರ್-ವ್ಯಾಲ್ಯೂ ಎಂಬ ಸಂಖ್ಯೆ ಇರುತ್ತದೆ. ಹಿಮದ ಮೇಲೆ ಮಲಗಲು 5ರ ಆಸುಪಾಸು ಬೇಕು. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಸಂಖ್ಯೆಗಳು ಕೂಡುತ್ತವೆ. ಗಾಳಿ ತುಂಬುವ ಮ್ಯಾಟಿನಡಿ ಒಂದು ಫೋಮ್ ಶೀಟ್ ಇರಲಿ. ಗಾಳಿಯದ್ದು ತೂತಾದರೂ ರಾತ್ರಿ ಕಳೆಯುತ್ತದೆ. ಸ್ಲೀಪಿಂಗ್ ಬ್ಯಾಗಿನಲ್ಲಿ "ಲಿಮಿಟ್" ಉಷ್ಣಾಂಶವನ್ನು ಬಿಟ್ಟು "ಕಂಫರ್ಟ್" ಉಷ್ಣಾಂಶವನ್ನು ನೋಡಿ ಆರಿಸಿ. ಹಕ್ಕಿಯ ಪುಕ್ಕ ತುಂಬಿದ್ದು ಹಗುರ, ಆದರೆ ನೆನೆದರೆ ಉಂಡೆಯಾಗಿ ಬಿಸುಪು ಹೋಗುತ್ತದೆ.

ಟೆಂಟ್ ಹಾಕುವ ಮುಂಚೆ ಸ್ನೋಶೂ ಹಾಕಿಕೊಂಡು ಆ ಜಾಗವನ್ನು ಚೆನ್ನಾಗಿ ತುಳಿದು, ಅರ್ಧ ಗಂಟೆ ಹಾಗೇ ಬಿಡಿ. ತುಳಿದ ಹಿಮದ ಕಾಳುಗಳು ಒಂದಕ್ಕೊಂದು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಆ ತಾಳ್ಮೆಯಿಲ್ಲದೆ ಟೆಂಟ್ ಹಾಕಿದರೆ ಮಂಡಿಯೂರಿದ ಕಡೆಯೆಲ್ಲ ಗುಂಡಿಬಿದ್ದು, ರಾತ್ರಿ ಅದೇ ಆಕಾರದಲ್ಲಿ ಹೆಪ್ಪುಗಟ್ಟಿ, ನಿಮ್ಮ ಸೊಂಟಕ್ಕೆ ಒತ್ತುತ್ತಿರುತ್ತದೆ. ಮಾಮೂಲಿ ಗೂಟ ಹಿಮದಲ್ಲಿ ನಿಲ್ಲುವುದಿಲ್ಲ. ಗೂಟಕ್ಕೆ ಹಗ್ಗ ಸುತ್ತಿ ಅಡ್ಡಲಾಗಿ ಹೂತು ಮೇಲೆ ಹಿಮ ತುಳಿಯಿರಿ. ಕಣಿವೆಯ ತೀರಾ ತಗ್ಗಿನಲ್ಲಿ ತಣ್ಣನೆ ಗಾಳಿ ಮಡುಗಟ್ಟುತ್ತದೆ. ಸ್ವಲ್ಪ ಮೇಲಿನ ತಿಟ್ಟು ಒಳ್ಳೆಯದು. ಟೆಂಟಿನ ಗಾಳಿಕಿಂಡಿ ತೆರೆದೇ ಇರಲಿ. ಮುಚ್ಚಿದರೆ ನಿಮ್ಮ ಉಸಿರೇ ಒಳಮೈಗೆ ಇಬ್ಬನಿಯಾಗಿ ಕಟ್ಟಿ ಬೆಳಗ್ಗೆ ಮುಖದ ಮೇಲೆ ಉದುರುತ್ತದೆ.

ಸ್ಟೌವಿನದು ಬೇರೆಯೇ ಕಥೆ. ಕ್ಯಾನಿಸ್ಟರಿನೊಳಗಿನ ಬ್ಯುಟೇನ್ ಸೊನ್ನೆಯ ಹತ್ತಿರ, ಅಂದರೆ ಮೈನಸ್ 0.5 ಡಿಗ್ರಿಯಲ್ಲಿ, ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಐಸೊಬ್ಯುಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ತಾಳುತ್ತದೆ. ಹಾಗಾಗಿ ಐಸೊಬ್ಯುಟೇನ್–ಪ್ರೊಪೇನ್ ಮಿಶ್ರಣವನ್ನೇ ಕೊಳ್ಳಿ, ರಾತ್ರಿ ಕ್ಯಾನಿಸ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಮಲಗಿಸಿಕೊಳ್ಳಿ. ಟೆಂಟಿನೊಳಗೆ ಒಲೆ ಹಚ್ಚಬೇಡಿ. ಬೆಂಕಿಗಿಂತ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಹೆಚ್ಚು ಮೋಸ ಮಾಡುತ್ತದೆ.

ಇಂಧನ ಎಷ್ಟು? ಹಿಮ ಕರಗಿಸಿ ಕುಡಿಯುವುದಾದರೆ ಮಾಮೂಲಿನ ಎರಡರಷ್ಟು. 0 ಡಿಗ್ರಿಯ ಹಿಮವನ್ನು ಬರೀ ನೀರು ಮಾಡುವುದಕ್ಕೆ ಬೇಕಾಗುವ ಶಾಖ, ಅಷ್ಟೇ ನೀರನ್ನು 0ಯಿಂದ 80 ಡಿಗ್ರಿಗೆ ಕಾಯಿಸುವುದಕ್ಕೆ ಸಮ. ಹರಿಯುವ ತೊರೆ ಸಿಕ್ಕರೆ ಬಿಡಬೇಡಿ. ಖಾಲಿ ಪಾತ್ರೆಗೆ ಹಿಮ ತುಂಬಿ ಒಲೆಗಿಟ್ಟರೆ ತಳ ಸೀದು ನೀರಿಗೆಲ್ಲ ಆ ವಾಸನೆ ಹತ್ತುತ್ತದೆ. ತಳದಲ್ಲಿ ಎರಡು ಬೆರಳಷ್ಟು ನೀರಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಹಿಮ ಹಾಕುತ್ತಾ ಬನ್ನಿ. ಬಾಟಲಿಯನ್ನು ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ನೀರಾಗೇ ಉಳಿಯುತ್ತದೆ. ಟೊಳ್ಳು ಎಳೆಗಳ ನೀರಿನ ಫಿಲ್ಟರ್ ಒಮ್ಮೆ ಹೆಪ್ಪುಗಟ್ಟಿದರೆ ಒಳಗೇ ಬಿರುಕುಬಿಟ್ಟು ಕೆಡುತ್ತದೆ, ಹೊರಗೆ ಗೊತ್ತೂ ಆಗುವುದಿಲ್ಲ. ಅದನ್ನೂ ಫೋನನ್ನೂ ಒಳಜೇಬಿನಲ್ಲಿಡಿ, ರಾತ್ರಿ ಬ್ಯಾಗಿನೊಳಗೆ. ಬೂಟನ್ನೂ ಒಂದು ಚೀಲಕ್ಕೆ ಹಾಕಿ ಕಾಲಿನ ಬಳಿ ತುರುಕಿಕೊಳ್ಳಿ. ಹೊರಗೆ ಬಿಟ್ಟ ಒದ್ದೆ ಬೂಟು ಬೆಳಗ್ಗೆ ಮರದ ಕೊರಡಾಗಿರುತ್ತದೆ, ಲೇಸು ತಂತಿಯಂತೆ ನೆಟ್ಟಗೆ ನಿಂತಿರುತ್ತದೆ, ಕಾಲು ಒಳಗೇ ಹೋಗುವುದಿಲ್ಲ. ಇಷ್ಟೆಲ್ಲ ಸೇರಿ ಸ್ಲೀಪಿಂಗ್ ಬ್ಯಾಗು ಸಂತೆಯಾಗುತ್ತದೆ, ಅಭ್ಯಾಸವಾಗುತ್ತದೆ.

ಶೌಚದ ಬಗ್ಗೆ ಒಂದೇ ಮಾತು: ಹಿಮದಲ್ಲಿ ಹೂತಿದ್ದು ಹಿಮ ಕರಗಿದಾಗ ಮೇಲೆ ಬರುತ್ತದೆ. ಚೀಲದಲ್ಲಿ ಕಟ್ಟಿ ವಾಪಸ್ ತನ್ನಿ.

ನಡೆಯುವ ದಿನ

3:30ಕ್ಕೆ ಎದ್ದು, ರಾತ್ರಿಯೇ ಮಾಡಿಟ್ಟ ನೀರಿನಿಂದ ಬಿಸಿ ಏನಾದರೂ ಕುಡಿದು, ಹೊರಗೆ ಬಂದು ಹಿಮವನ್ನು ಒದ್ದು ನೋಡಿ. ಗಟ್ಟಿಯಾಗಿದ್ದರೆ ಹೊರಡಿ. ಬೂಟು ಆ ಹೊತ್ತಿಗೇ ಮುಳುಗಿದರೆ ಆ ದಿನ ಸಪಾಟು ಜಾಗದಲ್ಲಿ ಅಡ್ಡಾಡಿಕೊಂಡಿರಿ.

ತೊರೆ ದಾಟುವುದಿದ್ದರೆ ಬೆಳಗಿನ ಜಾವಕ್ಕೇ ಇಟ್ಟುಕೊಳ್ಳಿ. ರಾತ್ರಿಯ ಚಳಿಗೆ ಕರಗುವುದು ನಿಂತು ನೀರು ತಗ್ಗಿರುತ್ತದೆ. ಬೆಳಗ್ಗೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿದ ತೊರೆ ಸಂಜೆ ಮಂಡಿ ಮುಟ್ಟಿ ಎಳೆಯಬಹುದು. ತೊರೆಯ ಮೇಲಿನ ಹಿಮದ ಸೇತುವೆ ನಡುವೆ ತಗ್ಗಿದ್ದರೆ, ಕೋಲಿನಿಂದ ಚುಚ್ಚಿದಾಗ ಟೊಳ್ಳೆನಿಸಿದರೆ ಬೇರೆ ಜಾಗ ನೋಡಿ. ದಾಟುವಾಗ ಬೆನ್ನುಚೀಲದ ಸೊಂಟಪಟ್ಟಿ, ಎದೆಪಟ್ಟಿ ಬಿಚ್ಚಿರಲಿ, ಒಬ್ಬೊಬ್ಬರೇ ದಾಟಿ. ಮರದ ಬುಡ, ಬಂಡೆಯ ಅಂಚಿನಿಂದ ಎರಡು ಮಾರು ದೂರ ನಡೆಯಿರಿ. ಅವು ಬಿಸಿಲಿಗೆ ಕಾದು ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸಿರುತ್ತವೆ. ಏಣಿನ ಮೇಲೆ ನಡೆಯುವಾಗ ಅಂಚಿನ ಹಿಮ ಗಾಳಿಗೆ ಬೆಳೆದು ಶೂನ್ಯದ ಮೇಲೆ ಚಾಚಿಕೊಂಡಿರಬಹುದು, ಮೇಲೆ ನಿಂತವರಿಗೆ ಅದು ನೆಲದಂತೆಯೇ ಕಾಣುತ್ತದೆ.

ಗಂಟೆಗೊಮ್ಮೆ ನಿಲ್ಲಿ, ಒಂದು ತುತ್ತು ತಿನ್ನಿ, ನೀರು ಕುಡಿಯಿರಿ, ಜೊತೆಯವರ ಮುಖ ನೋಡಿ. ಮಾತು ತೊದಲುತ್ತಿದೆಯೇ, ಜಿಪ್ ಹಾಕಲು ಬೆರಳು ಕೇಳುತ್ತಿಲ್ಲವೇ, ಸುಮ್ಮಸುಮ್ಮನೆ ಎಡವುತ್ತಿದ್ದಾರೆಯೇ? ಮೈಬಿಸಿ ಇಳಿಯುತ್ತಿದೆ. "ನನಗೇನೂ ಆಗಿಲ್ಲ" ಎನ್ನುವ ಮಾತನ್ನು ಲೆಕ್ಕಕ್ಕಿಡಬೇಡಿ. ಗಾಳಿ ತಪ್ಪಿಸಿ, ಒದ್ದೆ ಬಟ್ಟೆ ತೆಗೆಸಿ, ಒಣಬಟ್ಟೆ ತೊಡಿಸಿ, ಮ್ಯಾಟಿನ ಮೇಲೆ ಸ್ಲೀಪಿಂಗ್ ಬ್ಯಾಗಿನೊಳಗೆ ಸೇರಿಸಿ, ಎಚ್ಚರವಾಗಿದ್ದು ನುಂಗಬಲ್ಲರಾದರೆ ಸಿಹಿಯಾದ ಬಿಸಿ ಪಾನೀಯ ಕೊಡಿ. ನಡುಕ ನಿಂತು ಮಂಕಾದರೆ ಅದು ಚೇತರಿಕೆಯಲ್ಲ, ರಕ್ಷಣಾ ದಳವನ್ನು ಕರೆಯುವ ಸಮಯ. ಬೆರಳು ಬೆಳ್ಳಗೆ ಮರಗಟ್ಟಿದರೆ ಉಜ್ಜಬೇಡಿ, ಹಿಮ ತಿಕ್ಕುವುದಂತೂ ಹಳೆಯ ಮೂಢನಂಬಿಕೆ. ಆರಂಭದಲ್ಲೇ ಗೊತ್ತಾದರೆ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಗಟ್ಟಿಯಾಗಿ ಹೆಪ್ಪುಗಟ್ಟಿದ್ದು ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸದೆ ಆಸ್ಪತ್ರೆಗೆ ಸಾಗಿಸುವುದೇ ಸರಿ.

12ರೊಳಗೆ ಟೆಂಟ್. ಮಧ್ಯಾಹ್ನದ ಬಿಸಿಲು ನಡೆಯುವುದಕ್ಕೆ ಕೆಟ್ಟದ್ದು, ಒಣಗಿಸುವುದಕ್ಕೆ ಬಂಗಾರ. ಕಾಲುಚೀಲ, ಬೂಟಿನ ಒಳಹಾಸು, ಸ್ಲೀಪಿಂಗ್ ಬ್ಯಾಗ್ ಎಲ್ಲ ಟೆಂಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ಕಟ್ಟಿ. ನಿದ್ದೆ ಮಾಡಿ. ಸೂರ್ಯ ಬೆಟ್ಟದ ಹಿಂದೆ ಸರಿದ ಹತ್ತು ನಿಮಿಷಕ್ಕೇ ಚಳಿ ಬೀಳುತ್ತದೆ, ಅಷ್ಟರೊಳಗೆ ಎಲ್ಲ ಒಳಗೆ ಬಂದಿರಲಿ.

ವಾಪಸ್ ಬರುವ ದಿನಕ್ಕೂ ಇದೇ ಹೊತ್ತು. ಇಳಿಯುವುದಲ್ಲವೇ, ಬೇಗ ಆಗುತ್ತದೆ ಎಂದು 9ರವರೆಗೆ ಮಲಗಿದರೆ ಮೊದಲ ದಿನ ಗಟ್ಟಿಯಾಗಿದ್ದ ಕೆಳಗಿನ ಕಾಡಿನ ಹಿಮದಲ್ಲೇ ಸೊಂಟದವರೆಗೆ ಹೂತುಕೊಳ್ಳುತ್ತೀರಿ. ಜಾರುಬಂಡೆಯಂತೆ ಕುಳಿತು ಜಾರುವ ಆಸೆಯಾದರೆ ಮೊದಲು ಕ್ರ್ಯಾಂಪಾನ್ ಬಿಚ್ಚಿ. ಹಲ್ಲು ಹಿಮಕ್ಕೆ ಸಿಕ್ಕಿಕೊಂಡರೆ ಕಣಕಾಲು ಮುರಿಯುತ್ತದೆ. ಕೆಳಗೆ ಎಲ್ಲಿ ನಿಲ್ಲುತ್ತೀರಿ ಎಂದು ಕಾಣದಿದ್ದರೆ ಜಾರಲೇಬೇಡಿ.

ರಸ್ತೆ ಸೇರಿ ಸಿಗ್ನಲ್ ಸಿಕ್ಕಿದ ಕೂಡಲೇ, ಆ ನಾಲ್ಕು ಸಾಲಿನ ಚೀಟಿಯನ್ನು ಯಾರ ಕೈಗೆ ಕೊಟ್ಟಿದ್ದಿರೋ ಅವರಿಗೆ ಫೋನ್ ಮಾಡಿ. ಬೂಟು ಬಿಚ್ಚುವುದು ಆಮೇಲೆ.